ತಿನ್ನದ ಬಡ್ಡಿಯ ಲೆಕ್ಕ

ಅವರು ಸುಲಭದ ಮನುಷ್ಯರಾಗಿರಲಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ತೀರಿಹೋದವರನ್ನೆಲ್ಲ ಸರಳ, ಸಜ್ಜನ, ನಗುಮೊಗದವರು ಎಂದು ಒಂದೇ ಅಚ್ಚಿನಲ್ಲಿ ಎರಕ ಹೊಯ್ಯುವ ಚಾಳಿ ನಮ್ಮ ಕಡೆ ಹೆಚ್ಚು. ನಮ್ಮ ಕಾಂಪೌಂಡರ್ ಸಾಹೇಬರು ನಗುಮೊಗದವರಲ್ಲ. ಸೊರಬದ ಆಸ್ಪತ್ರೆಯಲ್ಲಿ ನಾನು ವಾರ್ಡಿನಲ್ಲಿ ನರ್ಸು, ಅವರು ಔಷಧಿ ಕೊಡುವ ಕಿಟಕಿಯ ಹಿಂದೆ. ಹುದ್ದೆಯ ಹೆಸರು ಫಾರ್ಮಸಿಸ್ಟ್ ಎಂದು ಬದಲಾಗಿ ಎಷ್ಟೋ ಕಾಲವಾಗಿತ್ತು. ಜನರ ಬಾಯಲ್ಲಿ ಕೊನೆಯವರೆಗೂ ಕಾಂಪೌಂಡರ್ ಸಾಹೇಬರೇ. ಅವರು ನಕ್ಕಿದ್ದನ್ನು ನಾನು ಕಂಡದ್ದು ಕಡಿಮೆ. ನಗಿಸಿದ್ದು ಬೇಕಾದಷ್ಟು.

ಹೊಸದಾಗಿ ಬಂದ ವೈದ್ಯರೊಬ್ಬರ ಅಕ್ಷರ ಕೋಳಿ ಕೆದಕಿದಂತೆ ಇರುತ್ತಿತ್ತು. ಬೇರೆಯವರಾದರೆ ಊಹಿಸಿ ಮಾತ್ರೆ ಕೊಟ್ಟು ಕಳಿಸುತ್ತಿದ್ದರು. ಇವರು ಚೀಟಿ ಹಿಡಿದುಕೊಂಡು ವೈದ್ಯರ ಕೋಣೆಗೇ ಹೋದರು. “ಡಾಕ್ಟ್ರೇ, ನಾನು ಇದನ್ನ ಓದ್ತೀನಿ. ಆದ್ರೆ ನಾನು ಓದಿದ್ದೇ ನೀವು ಬರೆದಿದ್ದಾ ಅಂತ ಒಂದ್ಸಲ ಹೇಳ್ಬಿಡಿ” ಅಂದರು. ಹೊರಗೆ ಸಾಲಿನಲ್ಲಿ ನಿಂತವರು ಬೈದುಕೊಳ್ಳುತ್ತಿದ್ದರು. ಅವರಿಗೆ ಅದರ ಪರಿವೆ ಇಲ್ಲ. ನನ್ನನ್ನೂ ಬಿಟ್ಟವರಲ್ಲ. ವಾರ್ಡು ಜ್ವರದವರಿಂದ ತುಂಬಿದ್ದ ದಿನ ನಾನು ಕಳಿಸಿದ ಬೇಡಿಕೆ ಪಟ್ಟಿಯಲ್ಲಿ ಸಹಿ ಇಲ್ಲ ಎಂದು ಹಿಂದಕ್ಕೆ ಕಳಿಸಿದ್ದರು. ನಾನು ಉರಿದುಕೊಂಡು ಹೋಗಿ ಅವರ ಕಿಟಕಿಯಲ್ಲೇ ಸಹಿ ಜಡಿದೆ. ಅವರು ಪೆನ್ನಿನ ಮುಚ್ಚಳ ಹಾಕಿಕೊಂಡರು. ಒಂದು ಸಾಲು ಬರೆದರೆ ಮುಚ್ಚಳ ಹಾಕುವುದು, ಮುಂದಿನ ಸಾಲಿಗೆ ಮತ್ತೆ ತೆಗೆಯುವುದು ಅವರ ಅಭ್ಯಾಸ. ಆಮೇಲೆ ನಿಧಾನವಾಗಿ ಹೇಳಿದರು: “ಸೀಸೆ ಮೇಲೆ ಬರೆದಿದ್ದೇ ಸೀಸೆ ಒಳಗಿರ್ಬೇಕು ಸಿಸ್ಟರ್. ಇಲ್ಲಾಂದ್ರೆ ಇದು ದವಾಖಾನೆ ಅಲ್ಲ, ಸಂತೆ.”

ಶಿಸ್ತಿನಲ್ಲೇ ಬೆಳೆದವಳು ನಾನು. ಟ್ರೈನಿಂಗಿನಲ್ಲಿ ಹಾಸಿಗೆಯ ಮೂಲೆ ಮಡಿಸುವುದು ಓರೆಯಾದರೆ ಮತ್ತೆ ಬಿಚ್ಚಿಸಿ ಮಡಿಸುತ್ತಿದ್ದರು. ಅಂಥವಳಿಗೇ ಶಿಸ್ತಿನ ಪಾಠ ಹೇಳುವ ಮನುಷ್ಯ ಸಿಕ್ಕರೆ ಎರಡೇ ದಾರಿ, ಜಗಳ ಇಲ್ಲವೇ ಸ್ನೇಹ. ನಮಗೆ ಎರಡೂ ಆಯಿತು.

ಅವರ ಮನೆ ಶಿಕಾರಿಪುರದಲ್ಲಿ. ತಂದೆ ಪಾತ್ರೆಗಳಿಗೆ ಕಲಾಯಿ ಹಾಕುತ್ತಿದ್ದವರು. ಮಗ ಸಂಬಳ ಬಂದ ಹಾಗೆಲ್ಲ ಒಂದೊಂದೇ ಕೋಣೆ ಕಟ್ಟುತ್ತ ಹೋದರು. ಹಿಂದಿನ ಗೋಡೆ ಬಹಳ ವರ್ಷ ಬರೀ ಇಟ್ಟಿಗೆಯಾಗಿಯೇ ನಿಂತಿತ್ತು. ಒಂದು ಸಾಲ ತೆಗೆದು ಮುಗಿಸಿಬಿಡಿ ಎಂದು ಎಲ್ಲರೂ ಹೇಳಿದವರೇ. ಸಾಲ ಮಾಡಿ ಪ್ಲಾಸ್ಟರ್ ನೋಡುವುದಕ್ಕಿಂತ ಇಟ್ಟಿಗೆ ನೋಡಿಕೊಂಡು ಮಲಗುವುದು ಮೇಲು ಎನ್ನುತ್ತಿದ್ದರು. ಬಡ್ಡಿ ತೆಗೆದುಕೊಳ್ಳುವುದೂ ತಪ್ಪು, ಕೊಡುವುದೂ ತಪ್ಪು ಎಂಬುದು ಅವರ ಧರ್ಮದ ಮಾತು. ಆ ಮಾತನ್ನು ಹೇಳುವವರು ಹಲವರನ್ನು ಕಂಡಿದ್ದೇನೆ. ಅದರಂತೆ ಬದುಕಿದವರು ಇವರೊಬ್ಬರನ್ನು ಹತ್ತಿರದಿಂದ ಕಂಡೆ.

ಆದರೆ ಪಿಂಚಣಿ ಬ್ಯಾಂಕಿಗೇ ಬರಬೇಕು, ಬ್ಯಾಂಕಿನಲ್ಲಿ ಇದ್ದ ಹಣಕ್ಕೆ ಬಡ್ಡಿ ಬಿದ್ದೇ ಬೀಳುತ್ತದೆ. ಬಡ್ಡಿ ಹಾಕಬೇಡಿ ಎಂದು ಅವರು ಕೇಳಿದಾಗ ಕೌಂಟರಿನ ಹುಡುಗಿ, ಬೇಡ ಅನ್ನುವ ಬಟನ್ ನಮ್ಮ ಕಂಪ್ಯೂಟರಿನಲ್ಲಿ ಇಲ್ಲ ಅಂಕಲ್ ಎಂದಳಂತೆ. ಇದನ್ನು ಅವರು ನನಗೆ ಹೇಳಿದ್ದು ಗಂಭೀರವಾಗಿಯೇ. ನಾನು ನಕ್ಕಿದ್ದಕ್ಕೆ ಬೇಸರ ಮಾಡಿಕೊಂಡರು.

ಹಾಗಾಗಿ ಅವರೊಂದು ವ್ಯವಸ್ಥೆ ಮಾಡಿಕೊಂಡಿದ್ದರು. ವರ್ಷವಿಡೀ ಬಿದ್ದ ಬಡ್ಡಿಯನ್ನು ಪೈಸೆ ಬಿಡದೆ ತೆಗೆದು ಆಸ್ಪತ್ರೆಯ ಸಾರ್ವಜನಿಕ ಶೌಚಾಲಯಕ್ಕೆ ಹಾಕುವುದು. ನಲ್ಲಿ, ಬಾಗಿಲ ಚಿಲಕ, ಬಲ್ಬು, ಫಿನಾಯಿಲ್. ಹೆಸರಿಲ್ಲ, ರಸೀದಿ ಇಲ್ಲ, ಗೋಡೆಯ ಮೇಲೆ ಕಲ್ಲಿಲ್ಲ. ಒಳ್ಳೆಯ ಪುಣ್ಯದ ಕೆಲಸ ಎಂದೆ ನಾನು. “ಪುಣ್ಯ ಗಿಣ್ಯ ಏನಿಲ್ಲ ಸಿಸ್ಟರ್. ಕೈ ತೊಳ್ಕೊಳ್ಳೋದು ಅಷ್ಟೆ” ಅಂದರು.

ಇದಕ್ಕೆ ಲೆಕ್ಕ ಬೇಕಲ್ಲ. ಆಸ್ಪತ್ರೆಗೆ ಔಷಧಿ ದಾಸ್ತಾನಿನ ಕಂಪ್ಯೂಟರ್ ಬಂದಾಗ ನಮ್ಮ ವಯಸ್ಸಿನವರೆಲ್ಲ ಅದನ್ನು ಕಂಡು ಹಿಂದೆ ಸರಿದರು. ಇವರು ಕುರ್ಚಿ ಎಳೆದುಕೊಂಡು ಕೂತರು. ನಿವೃತ್ತಿಯಾದ ಮೇಲೆ ಒಂದು ಹಳೆಯ ಲ್ಯಾಪ್‌ಟಾಪ್ ಕೊಂಡು, ಸ್ವಂತ ಹಣಕಾಸಿನ ಲೆಕ್ಕ ಇಡುವ ಸಾಫ್ಟ್‌ವೇರ್ ಒಂದನ್ನು ಹಾಕಿಕೊಂಡರು. ಪಿಂಚಣಿಗೊಂದು ಖಾನೆ, ಮನೆಯ ಮುಂಭಾಗದ ಕೋಣೆಯ ಬಾಡಿಗೆಗೊಂದು, ಷೇರುಗಳ ಡಿವಿಡೆಂಡಿಗೊಂದು, ಬಡ್ಡಿಗೊಂದು. ಬ್ಯಾಂಕು, ಸಾರಾಯಿ, ಬೀಡಿ ಸಿಗರೇಟು ಇವುಗಳ ಷೇರು ಅವರು ಮುಟ್ಟುತ್ತಿರಲಿಲ್ಲ. ವರ್ಷದ ಕೊನೆಗೆ ಒಂದು ಗುಂಡಿ ಒತ್ತಿದರೆ ಯಾವ ಖಾನೆಗೆ ಎಷ್ಟು ಬಂತು ಎಂದು ಹಾಳೆ ಹೊರಬರುತ್ತಿತ್ತು. ಅದನ್ನು ತೆರಿಗೆ ಇಲಾಖೆಯ ವಾರ್ಷಿಕ ಪಟ್ಟಿಯ ಪಕ್ಕದಲ್ಲಿಟ್ಟು, ಎರಡೂ ಒಂದೇ ಎಂದು ಕಂಡ ಮೇಲೆಯೇ ರಿಟರ್ನ್ ತುಂಬುವುದು. ತಿನ್ನದ ಬಡ್ಡಿಗೂ ತೆರಿಗೆ ಕಟ್ಟುತ್ತಿದ್ದರು. ಅದೂ ಆ ಬಡ್ಡಿಯಿಂದಲ್ಲ, ತಮ್ಮ ಪಿಂಚಣಿಯಿಂದ. ತೆರಿಗೆ ನನ್ನ ಮೇಲಿನ ಬಾಕಿ, ನನ್ನ ಬಾಕಿಯನ್ನು ಆ ದುಡ್ಡಿನಲ್ಲಿ ತೀರಿಸಿದರೆ ತಿಂದ ಹಾಗೆಯೇ ಆಯಿತಲ್ಲ ಎನ್ನುವುದು ಅವರ ವಾದ.

ನನಗೂ ಅದನ್ನು ಕಲಿಸಿದರು. ನನ್ನದು ಐದು ವರ್ಷದ ಒಂದು ಠೇವಣಿ ಇತ್ತು. ಮುಗಿದ ಮೇಲೆ ತಾನೇ ಬಡ್ಡಿ ಕೈಗೆ ಬರುವುದು, ಆಗ ತೋರಿಸಿದರಾಯಿತು ಎಂದು ನಾನು ತಿಳಿದಿದ್ದೆ. ಅವರು ಕನ್ನಡಕ ಹಣೆಗೇರಿಸಿ ನನ್ನನ್ನು ನೋಡಿದರು.

“ಐದು ದಿನದ ಜ್ವರ ಕೊನೇ ದಿನ ಒಟ್ಟಿಗೆ ಚಾರ್ಟಲ್ಲಿ ಬರೀತಿದ್ರಾ ಸಿಸ್ಟರ್?”

“ಹಾಗೆ ಯಾರು ಬರೀತಾರೆ?”

“ಮತ್ತೆ? ಆ ವರ್ಷದ್ದು ಆ ವರ್ಷಕ್ಕೆ.”

ಡಿವಿಡೆಂಡಿನದೂ ಅದೇ ಕತೆ. ಖಾತೆಗೆ ಬಂದದ್ದು ಕಂಪನಿ ತೆರಿಗೆ ಕಡಿದು ಉಳಿಸಿದ್ದು; ನಾನು ಅದನ್ನೇ ಬರೆಯುತ್ತಿದ್ದೆ. ಪೂರ್ತಿ ಮೊತ್ತ ಒಂದು ಕಡೆ, ಕಡಿದ ತೆರಿಗೆ ಇನ್ನೊಂದು ಕಡೆ ಬರೆಯಲು ಕಲಿಸಿದರು. ಹಾಗೆ ಬರೆದ ಮೊದಲ ವರ್ಷವೇ ನನಗೆ ತೆರಿಗೆ ವಾಪಸು ಬಂತು. ಸಿಹಿ ತೆಗೆದುಕೊಂಡು ಬಸ್ಸು ಹತ್ತಿ ಶಿಕಾರಿಪುರಕ್ಕೆ ಹೋದೆ. ಅವರ ಹೆಂಡತಿ ಚಹಾ ತಂದಿಟ್ಟು, ಲ್ಯಾಪ್‌ಟಾಪಿನ ಮುಂದೆ ಕೂತ ಗಂಡನ ಕಡೆ ಗಲ್ಲ ತೋರಿಸಿ ಹೇಳಿದರು: “ಬೇರೆಯವ್ರು ಬಡ್ಡಿ ಎಣಿಸ್ತಾರೆ, ತಿಂತಾರೆ. ನಮ್ಮನೇವ್ರು ತಿನ್ನಾಕಿಲ್ಲ, ಎಣಿಸೋದು ಮಾತ್ರ ಬಿಡಾಕಿಲ್ಲ.” ಅವರು ತಲೆ ಎತ್ತದೆ, ತಿನ್ನುವವರಿಗೆ ಎಣಿಕೆ ತಪ್ಪಿದರೂ ನಡೆಯುತ್ತದೆ, ತಿನ್ನದವನಿಗೆ ತಪ್ಪಬಾರದು ಎಂದರು.

ಇಂಥ ಮನುಷ್ಯನಿಗೆ ಬಡ್ಡಿ ಬಚ್ಚಿಟ್ಟಿದ್ದೀರಿ ಎಂದು ತೆರಿಗೆ ಇಲಾಖೆಯಿಂದ ನೋಟಿಸು ಬಂತು.

ಆದದ್ದು ಹೀಗೆ. ಒಂದು ವರ್ಷ ರಿಟರ್ನ್ ತುಂಬುವ ಹೊತ್ತಿಗೆ ಸರಿಯಾಗಿ ಅವರಿಗೆ ಕಣ್ಣಿನ ಆಪರೇಷನ್ ಆಯಿತು. ಒಂದು ಕಣ್ಣು, ಅದು ವಾಸಿಯಾಗುವಷ್ಟರಲ್ಲಿ ಇನ್ನೊಂದು. ಪರದೆ ನೋಡಬಾರದು ಎಂದು ವೈದ್ಯರ ಕಟ್ಟಪ್ಪಣೆ. ಮಹಡಿ ಕಟ್ಟಲೆಂದು ಕೂಡಿಟ್ಟ ಹಣ ಆ ವರ್ಷ ಖಾತೆಯಲ್ಲೇ ಇದ್ದುದರಿಂದ ಬಡ್ಡಿ ಎಂದಿಗಿಂತ ಹೆಚ್ಚು ಬಿದ್ದಿತ್ತು. ಅವರು ಸಾಫ್ಟ್‌ವೇರಿನಿಂದ ಹಾಳೆ ತೆಗೆಸಿ, ಊರಿನ ಆಡಿಟರಿಗೆ ಕೊಟ್ಟುಕಳಿಸಿದರು. ಆಡಿಟರ್ ಎಂದರೆ ಸಿ.ಎ. ಪರೀಕ್ಷೆ ಪಾಸಾದವರಲ್ಲ; ರಿಟರ್ನ್ ತುಂಬಿಕೊಡುವವರು, ಜನ ಹಾಗೆ ಕರೆಯುತ್ತಾರೆ. ನಮ್ಮ ನಿವೃತ್ತ ನೌಕರರ ಸಂಘಕ್ಕೂ ಅವರೇ ಸಲಹೆಗಾರರು. ಹಾಳೆಯಲ್ಲಿ ಬಡ್ಡಿಯ ಮೊತ್ತ ಸ್ಪಷ್ಟವಾಗಿ ಇತ್ತು. ಆಡಿಟರು ಅದನ್ನು ಬಿಟ್ಟು ತುಂಬಿದರು. ಫೋನಿಗೆ ಓಟಿಪಿ ಬಂತು, ಸಾಹೇಬರು ಕಣ್ಣಿಗೆ ಪಟ್ಟಿ ಕಟ್ಟಿಕೊಂಡು ಹೆಂಡತಿಯಿಂದ ಓದಿಸಿ ಹೇಳಿದರು, ರಿಟರ್ನ್ ಹೋಯಿತು.

ನೋಟಿಸು ಬಂದಾಗ ನನ್ನನ್ನೂ ಕರೆದುಕೊಂಡು ಆಡಿಟರ ಆಫೀಸಿಗೆ ಹೋದರು. ಅಲ್ಲಿ ಇನ್ನೂ ನಾಲ್ಕಾರು ಜನ ಕೂತಿದ್ದರು, ಅವರಲ್ಲಿ ನಮ್ಮ ಸಂಘದ ಅಧ್ಯಕ್ಷರೂ ಒಬ್ಬರು. ತಾಲ್ಲೂಕು ಕಚೇರಿಯಲ್ಲಿ ಶಿರಸ್ತೇದಾರರಾಗಿದ್ದವರು. ಆಡಿಟರು ಎದ್ದು ನಿಂತು ಬರಮಾಡಿಕೊಂಡರು.

“ಬರ್ರಿ ಸಾಹೇಬ್ರ, ಕೂಡ್ರಿ. ಚಾ ಹೇಳ್ಲ್ಯಾ?”

“ಚಾ ಬೇಡ. ಬಡ್ಡಿ ಎಲ್ಲಿ ಹೋಯ್ತು?”

“ಯಾವ ಬಡ್ಡಿ?”

“ನಾನು ಕೊಟ್ಟ ಹಾಳೇಲಿ ಇತ್ತಲ್ಲ, ಆ ಬಡ್ಡಿ.”

ಆಡಿಟರು ನಕ್ಕರು. ಆ ನಗು ಕೆಟ್ಟದಾಗಿರಲಿಲ್ಲ. ಅದೇ ನನಗೆ ಸಿಟ್ಟು ಬರಿಸುವುದು. “ಅದನ್ನ ನಾನೇ ಬಿಟ್ಟೀನಿ. ನೀವು ಅದ್ರಾಗ ಒಂದು ರೂಪಾಯಿ ಮುಟ್ಟಾಂಗಿಲ್ಲ, ಕಕ್ಕಸ ಕಟ್ಟಸ್ತೀರಿ. ತಿನ್ನದ ದುಡ್ಡಿಗೆ ಟ್ಯಾಕ್ಸ್ ಯಾಕ ಕಟ್ಟಬೇಕು? ನಿಮಗ ಒಳ್ಳೇದಾಗ್ಲಿ ಅಂತ ಮಾಡೀನ್ರಿ. ಯಾರು ನೋಡ್ತಾರ ಅಂದ್ಕೊಂಡಿದ್ದೆ.”

“ನನ್ನ ಕೇಳಿದ್ರಾ?”

“ಕಣ್ಣಿಗೆ ಪಟ್ಟಿ ಕಟ್ಕೊಂಡು ಮಲಗಿದ್ರಿ. ಕೇಳಿ ಏನ್ ತ್ರಾಸು ಕೊಡೋದು ಅಂತ.”

ಸಾಹೇಬರು ನೋಟಿಸನ್ನು ಮಡಿಸಿ ಜೇಬಿಗಿಟ್ಟುಕೊಂಡರು. ನಾನು ಮಾತಾಡಿದೆ. ಒಬ್ಬರ ಔಷಧಿಯನ್ನು ಕೇಳದೆ ನಿಲ್ಲಿಸಿ ಒಳ್ಳೆಯದಕ್ಕೇ ಮಾಡಿದ್ದು ಎನ್ನುವ ನರ್ಸನ್ನು ನಾನಾಗಿದ್ದರೆ ಆ ಗಳಿಗೆಯೇ ಮನೆಗೆ ಕಳಿಸುತ್ತಿದ್ದೆ ಎಂದೆ. ಅಧ್ಯಕ್ಷರು ಅಷ್ಟರಲ್ಲಿ ಒಳಗೆ ಪ್ರಿಂಟರಿನ ಹತ್ತಿರ ಹೋಗಿ ಯಾರೊಂದಿಗೋ ಮಾತಿನಲ್ಲಿದ್ದರು. ಏನು ಕೇಳಿಸಿಕೊಂಡರೋ, ಎಷ್ಟು ಕೇಳಿಸಿಕೊಂಡರೋ. ಊರಿಗೆ ಮುಟ್ಟಿದ್ದು ಎರಡೇ ಮಾತು: ಸಾಹೇಬರು, ಬಡ್ಡಿಯ ನೋಟಿಸು.

ಸಾಹೇಬರು ಮನೆಗೆ ಬಂದು ಲ್ಯಾಪ್‌ಟಾಪ್ ತೆರೆದರು. ಬಿಟ್ಟಿದ್ದ ಬಡ್ಡಿಯನ್ನು ಸೇರಿಸಿ ಲೆಕ್ಕ ಸರಿಮಾಡಿದರು. ಕಟ್ಟಬೇಕಾದ ತೆರಿಗೆ ದೊಡ್ಡದೇನಲ್ಲ. ಆದರೆ ತಡವಾದದ್ದಕ್ಕೆ ಇಲಾಖೆ ಅದರ ಮೇಲೆ ಬಡ್ಡಿ ಹಾಕಿತ್ತು. ಅಲ್ಲಿ ಅವರ ಕೈ ನಿಂತಿತು. ಜೀವಮಾನವಿಡೀ ಸಾಲ ಮಾಡದೆ, ಇಟ್ಟಿಗೆಯ ಗೋಡೆ ನೋಡಿಕೊಂಡು ಮಲಗಿದ ಮನುಷ್ಯ ಈಗ ಬಡ್ಡಿ ಕೊಡಬೇಕು. ಕಟ್ಟಿದರು, ಕಟ್ಟದೆ ಹೇಗೆ? ಕಟ್ಟಿದ್ದನ್ನು ದಾಖಲು ಮಾಡುವಾಗ ಸಾಫ್ಟ್‌ವೇರು, ಈ ಖರ್ಚು ಯಾವ ಖಾನೆಗೆ ಎಂದು ಕೇಳಿತು.

“ಯಾವ ಖಾನೆಗೆ ಹಾಕ್ಲಿ ಸಿಸ್ಟರ್? ಕೊಟ್ಟ ಬಡ್ಡಿ ಅಂತ ನನ್ನ ಹತ್ರ ಖಾನೇನೇ ಇಲ್ವಲ್ಲ.”

ತೆರಿಗೆಯ ಜೊತೆಗೇ ಸೇರಿಸಿಬಿಡಿ, ಯಾರು ನೋಡುತ್ತಾರೆ ಎಂದು ಅವರ ಹೆಂಡತಿ ಬಾಗಿಲಲ್ಲಿ ನಿಂತು ಹೇಳಿದರು. ಅವರಿಗೆ ಗಂಡನ ಮುಖ ನೋಡಲಾಗುತ್ತಿರಲಿಲ್ಲ. ಸಾಹೇಬರು ಸೇರಿಸಲಿಲ್ಲ. ಹೊಸ ಖಾನೆ ಮಾಡಿ, ಹೆಸರು ಟೈಪು ಮಾಡಿ, ಒಂದೇ ಒಂದು ಸಾಲು ಅದರೊಳಗೆ ಹಾಕಿ ಮುಚ್ಚಿದರು.

ಸಂಘದಲ್ಲಿ ಅವರು ಖಜಾಂಚಿ. ಸದಸ್ಯರ ಮನೆಯಲ್ಲಿ ಸಾವಾದರೆ ತಕ್ಷಣದ ಖರ್ಚಿಗೆ ಕೊಡುವ ನಿಧಿ ಅವರ ಕೈಯಲ್ಲಿತ್ತು. ಅವರು ಆ ಕೆಲಸವನ್ನು ಎಷ್ಟು ಹಚ್ಚಿಕೊಂಡಿದ್ದರೆಂದರೆ, ತೊಗರ್ಸಿಯ ಕಡೆಯಿಂದ ಸುದ್ದಿ ಬಂದರೂ ಬಸ್ಸು ಹಿಡಿದು ತಾವೇ ಹೋಗಿ ಕೊಟ್ಟು ಬರುತ್ತಿದ್ದರು. ನೋಟಿಸಿನ ಸುದ್ದಿ ಹಬ್ಬಿದ ಮೇಲೆ ಬಂದ ಸಭೆಯಲ್ಲಿ ಅಧ್ಯಕ್ಷರು ಗಂಟಲು ಸರಿಮಾಡಿಕೊಂಡು, ಸಂಘದ ಹೆಸರಿನ ಪ್ರಶ್ನೆ ಎಂದು ಶುರುಮಾಡಿದರು. ಸಾಹೇಬರಿಗೂ ವಯಸ್ಸಾಯಿತು, ಕಣ್ಣಿನ ತೊಂದರೆ ಬೇರೆ, ವಿಶ್ರಾಂತಿ ಪಡೆಯಲಿ ಎಂದರು.

ಆ ಕುರ್ಚಿಗಳಲ್ಲಿ ಕೂತಿದ್ದವರು ಯಾರು ಎಂದು ನಾನು ಹೇಳಬೇಕು. ಠೇವಣಿಯನ್ನು ಹೆಂಡತಿಯ ಹೆಸರಲ್ಲಿ ಅಷ್ಟು, ಸೊಸೆಯ ಹೆಸರಲ್ಲಿ ಇಷ್ಟು ಎಂದು ಹಂಚಿಟ್ಟವರು. ತಮಗೆ ತೆರಿಗೆ ಬೀಳುತ್ತದೆಂದು ಗೊತ್ತಿದ್ದೂ, ಬೀಳುವುದಿಲ್ಲ ಎಂಬ ಫಾರಮ್ಮಿಗೆ ಪ್ರತಿ ವರ್ಷ ಸಹಿ ಹಾಕಿ ಬ್ಯಾಂಕಿಗೆ ಕೊಟ್ಟು ಬರುವವರು. ಆನವಟ್ಟಿಯ ಅಂಗಡಿಯ ಬಾಡಿಗೆಯನ್ನು ಬಾಯಿಮಾತಿನಲ್ಲೇ ವಸೂಲು ಮಾಡುವವರು. ಅವರೆಲ್ಲ ಆ ದಿನ ಪ್ರಾಮಾಣಿಕತೆಯ ಬಗ್ಗೆ ಮಾತಾಡಿದರು. ಬಡ್ಡಿ ತಿನ್ನಲ್ಲ ಅಂತಾರೆ, ಮುಚ್ಚಿಡೋದು ಮಾತ್ರ ಬಿಡಲ್ಲ ನೋಡು ಎಂದು ಹಿಂದಿನ ಸಾಲಿನಲ್ಲಿ ಒಬ್ಬರು ಪಿಸುಗುಟ್ಟಿದ್ದು ನನಗೇ ಕೇಳಿಸಿತು. ಸಾಹೇಬರಿಗೆ ಕೇಳಿಸದೆ ಇರಲಿಲ್ಲ.

ಅವರು ಎದ್ದು, ನನ್ನ ಲೆಕ್ಕದಲ್ಲಿ ಬಡ್ಡಿ ಇದೆ, ತುಂಬುವಾಗ ಬಿಟ್ಟುಹೋಗಿದೆ, ತೆರಿಗೆ ಕಟ್ಟಿಯಾಗಿದೆ ಎಂದರು. ಯಾರು ಬಿಟ್ಟರು ಎಂದು ಹೇಳಲಿಲ್ಲ. ಆಡಿಟರು ಅದೇ ಸಭೆಯಲ್ಲಿ, ಕಿಟಕಿಯ ಪಕ್ಕ ಕೂತಿದ್ದರು. ಸಾಹೇಬರು ಅವರ ಕಡೆ ತಿರುಗಿ ಸ್ವಲ್ಪ ಹೊತ್ತು ನಿಂತರು. ಆಡಿಟರು ಫೋನು ನೋಡುತ್ತಿದ್ದರು. ನಾನು ಎದ್ದೆ. ಸಾಹೇಬರು ಕೈಸನ್ನೆಯಿಂದಲೇ ನನ್ನನ್ನು ಕೂರಿಸಿದರು. ನಿಧಿಯ ಪೆಟ್ಟಿಗೆಯ ಕೀಲಿಯನ್ನು ಮೇಜಿನ ಮೇಲಿಟ್ಟು ಕೂತರು.

ಬಸ್ ನಿಲ್ದಾಣದವರೆಗೆ ಸಾಹೇಬರನ್ನು ಬೈಯುತ್ತಲೇ ಬಂದೆ. ನೀವು ಹೇಳದಿದ್ದರೆ ನಾನು ಹೇಳುತ್ತೇನೆ ಎಂದೆ.

“ಬೇಡ. ಓಟಿಪಿ ಕೊಟ್ಟೋನು ನಾನು, ಅದು ನನ್ನ ಸಹಿ. ಓದದೆ ಹಾಕ್ದೆ. ಇನ್ನು ಉಳಿದಿದ್ದು ಅವರು ಹೇಳ್ಬೇಕು ಸಿಸ್ಟರ್. ಅವರು ಹೇಳಿದ್ರೆ ಸಾಕ್ಷಿ, ನಾನು ಹೇಳಿದ್ರೆ ಚಾಡಿ.”

“ಅವರು ಹೇಳದಿದ್ರೆ?”

“ಹೇಳ್ತಾರೆ. ಕೆಟ್ಟವರಲ್ಲ. ನಾನಿರೋವರೆಗೂ ನೀವು ಬಾಯಿ ಬಿಡ್ಬೇಡಿ, ಮಾತು ಕೊಡಿ.”

ಕೊಟ್ಟೆ. ಕೊಟ್ಟ ಮಾತಿನ ವಿಷಯದಲ್ಲಿ ನಾನೂ ಅವರ ಜಾತಿಯವಳೇ.

ಅವರು ಪ್ರತಿ ಸಭೆಗೂ ಬಂದರು. ಮೊದಲಿನ ಹಾಗೆ ಮೇಜಿನ ಹಿಂದೆ ಅಲ್ಲ, ಬಾಗಿಲ ಪಕ್ಕದ ಕುರ್ಚಿಯಲ್ಲಿ. ಪ್ರತಿ ಸಲವೂ ಆಡಿಟರು ಬಂದಿದ್ದಾರೆಯೇ ಎಂದು ಒಮ್ಮೆ ನೋಡುತ್ತಿದ್ದರು. ಸಭೆ ಮುಗಿಯುವವರೆಗೂ ಎದ್ದು ಹೋಗುತ್ತಿರಲಿಲ್ಲ. ಅಧ್ಯಕ್ಷರು ಪ್ರತಿ ಸಲ ತಾವೇ ಎದ್ದು ಅವರಿಗೆ ಚಹಾ ಕೊಟ್ಟು, ಆರೋಗ್ಯ ಹೇಗಿದೆ ಎಂದು ವಿಚಾರಿಸುತ್ತಿದ್ದರು. ಎಷ್ಟು ಮರ್ಯಾದೆ ಎಂದುಕೊಳ್ಳುತ್ತಿದ್ದೆ. ಹೀಗೆಯೇ ಎರಡು ವರ್ಷ ಕಳೆಯಿತು. ಕಳೆದ ತಿಂಗಳು, ಮಧ್ಯಾಹ್ನದ ನಮಾಜು ಮುಗಿಸಿ ಬಂದವರು ಎದೆ ಹಿಡಿದುಕೊಂಡು ಮಲಗಿದರು, ಏಳಲಿಲ್ಲ.

ಸಂಘದವರು ಸಂತಾಪ ಸಭೆ ಕರೆದರು. ಗಂಡ ತೀರಿಕೊಂಡ ಮೇಲಿನ ಇದ್ದತ್ತಿನ ದಿನಗಳಾದ್ದರಿಂದ ಅವರ ಹೆಂಡತಿ ಮನೆ ಬಿಟ್ಟು ಬರುವಂತಿರಲಿಲ್ಲ. ನಾನು ಹೋಗಿಬರುತ್ತೇನೆ ಎಂದು ಅವರಿಗೆ ಹೇಳಿ ಹೋದೆ. ಸರಳ ಎಂದರು, ಸಜ್ಜನ ಎಂದರು, ನಗುಮೊಗ ಎಂದರು. ಆಡಿಟರೂ ಎದ್ದು, ಇಂಥ ಪ್ರಾಮಾಣಿಕರು ಇನ್ನು ಹುಟ್ಟುವುದಿಲ್ಲ ಎಂದರು. ಅದು ನಾಟಕವಲ್ಲ. ನಾನು ಎದ್ದು ನಿಂತೆ. ಸಾಹೇಬರಿಗೆ ಕೊಟ್ಟ ಮಾತಿನ ಅವಧಿ ಮುಗಿದಿತ್ತು. ಬಡ್ಡಿ ಬಿಟ್ಟದ್ದು ಯಾರು, ಯಾಕೆ, ಅದನ್ನು ನನ್ನೆದುರಿಗೇ ಹೇಗೆ ಒಪ್ಪಿಕೊಂಡರು, ಎಲ್ಲವನ್ನೂ ಹೇಳಿದೆ. ಸುಳ್ಳಾದರೆ ಈಗಲೇ ಹೇಳಿ ಎಂದೆ.

ಆಡಿಟರು ಕುರ್ಚಿಯ ಬೆನ್ನು ಹಿಡಿದುಕೊಂಡರು. “ಸುಳ್ಳಲ್ಲ ಸಿಸ್ಟರ್. ನಾನೇ ಬಿಟ್ಟಿದ್ದು. ಆ ಸಭೆಯಾಗ ಹೇಳಾಕ ನಾಲಿಗೆ ಏಳಲಿಲ್ಲ, ಗಿರಾಕಿ ಎಲ್ಲಾ ಅಲ್ಲೇ ಕೂತಿದ್ರು. ಆದ್ರ ಮರುವಾರನ ಅಧ್ಯಕ್ಷರ ಮನೀಗೆ ಹೋಗಿ ಹೇಳಿ ಬಂದೀನಿ.”

ನಾನು ಅಧ್ಯಕ್ಷರ ಕಡೆ ತಿರುಗಿದೆ. ಎಲ್ಲರೂ ತಿರುಗಿದರು.

“ಹೇಳಿದ್ರು, ಹೌದು” ಅಂದರು ಅಧ್ಯಕ್ಷರು. “ಆದ್ರೆ ಅಷ್ಟೊತ್ತಿಗೆ ನಿರ್ಣಯ ಬರೆದಾಗಿತ್ತು ಸಿಸ್ಟರ್, ಸಹಿ ಆಗಿತ್ತು. ಹೊಸ ಖಜಾಂಚಿ ಕೀಲಿ ತಗೊಂಡಿದ್ರು. ನಡಾವಳಿ ಪುಸ್ತಕದಲ್ಲಿ ಬರೆದಿದ್ದನ್ನ ಹೊಡೆದುಹಾಕಿದ್ರೆ ಚಂದ ಕಾಣಲ್ಲ. ಸಾಹೇಬ್ರೂ ಏನೂ ಕೇಳ್ಲಿಲ್ಲ, ಸಭೆಗೆ ಬಂದು ಹೋಗಿ ಮಾಡ್ತಿದ್ರು. ಬೇಜಾರಿಲ್ಲ ಅಂದ್ಕೊಂಡ್ವಿ.”

ಪುಸ್ತಕ ಚಂದ ಕಾಣಬೇಕೆಂದು. ಒಂದು ಸಾಲಿಗೆ ಗೀಟು ಬೀಳಬಾರದೆಂದು. ಆ ಎರಡು ವರ್ಷ ಬಾಗಿಲ ಪಕ್ಕ ಕೂತು ಒಂದು ಮಾತಿಗಾಗಿ ಕಾದವರಿಗೆ, ಆ ಮಾತನ್ನು ಹೊಟ್ಟೆಯಲ್ಲಿಟ್ಟುಕೊಂಡೇ ಇವರು ಚಹಾ ಕೊಟ್ಟಿದ್ದರು.

ಅಧ್ಯಕ್ಷರಿಗೂ ಮುಜುಗರವಾಗಿರಬೇಕು. ಮುಂದಿನ ಸಭೆಯಲ್ಲಿ ಈ ವಿಷಯ ತೆಗೆದುಕೊಳ್ಳೋಣ ಎಂದು ಗೊಣಗಿ, ಗಡಿಯಾರ ನೋಡಿ, ಮೃತರ ಆತ್ಮಕ್ಕೆ ಶಾಂತಿ ಕೋರಿ ಎಲ್ಲರೂ ಎದ್ದು ಎರಡು ನಿಮಿಷ ಮೌನ ಆಚರಿಸಬೇಕು ಎಂದರು. ಕುರ್ಚಿಗಳು ಕಿರ್ರೆಂದವು. ಎಲ್ಲರೂ ಎದ್ದು ತಲೆ ಬಾಗಿಸಿದರು.

“ಎರಡು ವರ್ಷ ಆಚರಿಸಿದ್ರಲ್ಲ ಅಧ್ಯಕ್ಷರೇ” ಅಂದೆ. “ಇನ್ನೆರಡು ನಿಮಿಷ ಎಂತಕ್ಕೆ?”

ಯಾರೂ ತಲೆ ಎತ್ತಲಿಲ್ಲ. ಅಷ್ಟು ಹೊತ್ತು ನಿಂತೇ ಇದ್ದವಳು ನಾನು, ಆಗ ಕೂತುಕೊಂಡೆ.